ಎರವಲು ಕಾಲು, ಎರವಲು ಬಾಲ

ಡೈನೋಸಾರ್ ಚಿತ್ರ ಬಿಡಿಸಲು ಕಲಿಯಬೇಕು ಅನ್ನುವವರು ಮೊದಲು ಹೋಗಬೇಕಾದದ್ದು ಕೋಳಿ ಅಂಗಡಿಗೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟೇ ಆಗಬೇಕೆಂದಿಲ್ಲ, ನಿಮ್ಮ ಬಡಾವಣೆಯ ತಿರುವಿನಲ್ಲಿರುವ ಚಿಕನ್ ಸೆಂಟರ್ ಸಾಕು. ನಾಟಿ ಕೋಳಿಯ ಕಾಲು ನಾಲ್ಕು ಕೇಳಿ. ಫಾರಂ ಕೋಳಿಯದಾದರೂ ನಡೆಯುತ್ತದೆ. ಆದರೆ ನಾಟಿ ಕೋಳಿ ಮಣ್ಣು ಕೆರೆದು ಓಡಾಡಿ ಬೆಳೆದದ್ದು, ಅದರ ಹುರುಪೆ ಗಟ್ಟಿ, ಬೆರಳಿನ ಗಿಣ್ಣುಗಳು ಎದ್ದು ಕಾಣುತ್ತವೆ. ಉಪ್ಪು, ಅರಿಶಿನ ಹಾಕಿ ತೊಳೆದು, ಒರೆಸಿ, ಟೇಬಲ್ ಲ್ಯಾಂಪಿನ ಕೆಳಗೆ ಇಡಿ. ಮಾಂಸ ಮುಟ್ಟದ ಮನೆಯಾದರೆ ಬಾಲ್ಕನಿಗೆ ಬಂದು ಕೂರುವ ಪಾರಿವಾಳವಿದೆ. ಹತ್ತಿರ ಹೋಗಲು ಬಿಡುವುದಿಲ್ಲ ಅನ್ನುವುದೊಂದೇ ತೊಂದರೆ.

ಕಾಲಿನ ಮುಂಭಾಗದಲ್ಲಿ ಅಗಲವಾದ ಹುರುಪೆಗಳು ಹೆಂಚು ಹೊದಿಸಿದ ಹಾಗೆ ಒಂದರ ಕೆಳಗೊಂದು ಇಳಿದಿರುತ್ತವೆ. ಹಿಂದಕ್ಕೆ ತಿರುಗಿಸಿದರೆ ಅವೇ ಚಿಕ್ಕದಾಗುತ್ತಾ ಸಾಸಿವೆ ಕಾಳಿನಷ್ಟಾಗುತ್ತವೆ. ಅಂಗಾಲಿನಲ್ಲಿ ಗುಳ್ಳೆಗುಳ್ಳೆಯಾದ ಮೆತ್ತೆ. ಒಂದೇ ಕಾಲಿನಲ್ಲಿ ಮೂರು ಬಗೆಯ ಚರ್ಮ. ಈಗ ಕತ್ತರಿಸಿದ ತುದಿಯಲ್ಲಿ ಇಣುಕುವ ಬಿಳಿ ನಾರನ್ನು ಚಿಮಟದಲ್ಲಿ ಹಿಡಿದು ಎಳೆಯಿರಿ. ಬೆರಳುಗಳು ಮಡಚಿಕೊಳ್ಳುತ್ತವೆ. ಬಿಟ್ಟರೆ ಸಡಿಲವಾಗುತ್ತವೆ. ಬೆರಳನ್ನು ಆಡಿಸುವ ಸ್ನಾಯು ಪಾದದಲ್ಲಿ ಇಲ್ಲ, ಮೇಲೆ ಲೆಗ್ ಪೀಸಿನಲ್ಲಿದೆ, ಪಾದಕ್ಕೆ ಬರುವುದು ಬರೀ ಹಗ್ಗ ಅನ್ನುವುದು ಕೈಗೇ ತಿಳಿಯುತ್ತದೆ. ಮಾಂಸ ಮೇಲೆ, ನಾರು ಕೆಳಗೆ. ಎರಡು ಕಾಲಿನ ಡೈನೋಸಾರ್‌ಗಳ ಕಾಲೆಲ್ಲ ಈ ಕ್ರಮದ್ದೇ. ಹೊಸಬರ ಚಿತ್ರಗಳಲ್ಲಿ ಪಾದ ಆನೆಯದರಂತೆ ದಪ್ಪಗೆ, ತೊಡೆ ಕೊಕ್ಕರೆಯದರಂತೆ ಸಣ್ಣಗೆ ಬರುವುದು ಈ ನಾರನ್ನು ಎಳೆದು ನೋಡದೆ ಇರುವುದರಿಂದ.

ಇನ್ನೊಂದು ವಿಷಯ. ಕೋಳಿಯ ಕಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ ಕೀಲನ್ನು ಎಲ್ಲರೂ ಮೊಣಕಾಲು ಅಂದುಕೊಳ್ಳುತ್ತಾರೆ. ಅದು ಹಿಮ್ಮಡಿ. ಕೋಳಿ ತುದಿಬೆರಳಿನ ಮೇಲೆ ನಿಂತಿದೆ, ನಮ್ಮ ಪಾದಕ್ಕೆ ಸಮನಾದ ಭಾಗ ಅದರಲ್ಲಿ ಉದ್ದವಾಗಿ ಮೇಲೆದ್ದಿದೆ. ನಿಜವಾದ ಮೊಣಕಾಲು ಹೊಟ್ಟೆಯ ಪಕ್ಕ ಗರಿಯೊಳಗೆ ಅಡಗಿ, ನಮ್ಮದರಂತೆ ಮುಂದಕ್ಕೇ ಮಡಚುತ್ತದೆ. ಇಷ್ಟು ತಲೆಯಲ್ಲಿ ಕುಳಿತರೆ ನಾಯಿ, ಹಸು, ಕುದುರೆ, ಡೈನೋಸಾರ್ ಎಲ್ಲದರ ಹಿಂಗಾಲು ಒಂದೇ ಏಟಿಗೆ ಬಿಡಿಸಿಕೊಳ್ಳುತ್ತದೆ.

ಹಾಗಂತ ಕೋಳಿಯ ಕಾಲನ್ನು ಇಡಿಯಾಗಿ ಎತ್ತಿ ಡೈನೋಸಾರ್‌ಗೆ ಅಂಟಿಸುವಂತಿಲ್ಲ. ಕೋಳಿಗೆ ಬಾಲದ ಮೂಳೆ ಉಳಿದಿರುವುದು ಒಂದು ಮೊಟಕು ಅಷ್ಟೇ. ಹಿಂದೆ ತೂಕವಿಲ್ಲದ್ದರಿಂದ ಅದು ತೊಡೆಯನ್ನು ಮುಂದಕ್ಕೆ, ಹೆಚ್ಚುಕಡಿಮೆ ಅಡ್ಡಲಾಗಿ ಇಟ್ಟುಕೊಂಡು ಪಾದವನ್ನು ಹೊಟ್ಟೆಯ ಕೆಳಗೆ ತರುತ್ತದೆ. ಭಾರವಾದ ಬಾಲವಿದ್ದ ಡೈನೋಸಾರ್ ತೊಡೆಯನ್ನು ಇನ್ನಷ್ಟು ನೆಟ್ಟಗೆ ಇಳಿಬಿಟ್ಟು ಸೊಂಟದಿಂದಲೇ ಹೆಜ್ಜೆ ಹಾಕುತ್ತಿತ್ತು. 2014ರಲ್ಲಿ ಚಿಲಿ ದೇಶದ ಸಂಶೋಧಕರು ಕೋಳಿಮರಿಗಳಿಗೆ ಕೃತಕ ಬಾಲ ಕಟ್ಟಿ ಬೆಳೆಸಿ ನೋಡಿದರು. ಬಾಲ ಹೊತ್ತು ಬೆಳೆದ ಕೋಳಿಗಳ ತೊಡೆ ನೆಟ್ಟಗಾಯಿತು, ನಡಿಗೆಯೂ ಬದಲಾಯಿತು. ಪಾದವನ್ನು ಕೋಳಿಯಿಂದ ತರಬಹುದು, ತೊಡೆಯನ್ನು ತರಬಾರದು.

ನಶಿಸಿದ ಪ್ರಾಣಿಯ ಚಿತ್ರವೆಂದರೆ ಎರವಲಿನ ವ್ಯವಹಾರ. ಮೂಳೆ ಸಿಕ್ಕಿದ್ದು ಅಷ್ಟಿಷ್ಟು, ಉಳಿದದ್ದನ್ನೆಲ್ಲ ಬದುಕಿರುವ ಪ್ರಾಣಿಗಳಿಂದಲೋ ಹತ್ತಿರದ ಬಂಧುಗಳಿಂದಲೋ ತರಬೇಕು. ಕಲ್ಪನೆಯ ಪ್ರಾಣಿಯಲ್ಲಂತೂ ಸಿಕ್ಕ ಮೂಳೆಯೇ ಇಲ್ಲ, ಪೂರ್ತಿ ಎರವಲು. ಎರಡಕ್ಕೂ ಕೆಲಸದ ರೀತಿ ಒಂದೇ: ಯಾವ ಭಾಗ ಯಾರದು, ಅದು ಅಲ್ಲಿ ಏನು ಕೆಲಸ ಮಾಡುತ್ತಿತ್ತು, ಇಲ್ಲಿ ಆ ಕೆಲಸ ಇದೆಯೇ ಎಂಬ ಲೆಕ್ಕ ಇಟ್ಟುಕೊಳ್ಳುವುದು. ಲೆಕ್ಕ ತಪ್ಪಿದಲ್ಲಿ ಚಿತ್ರವೂ ತಪ್ಪುತ್ತದೆ.

ಬೆಂಗಳೂರಿನಲ್ಲಿ ಕೂತು ಡೈನೋಸಾರ್ ಬಿಡಿಸುವವರಿಗೆ ಎರವಲು ಸ್ವಲ್ಪ ಜಾಸ್ತಿಯೇ ಬೇಕು. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಭೂಮಿಯೊಳಗಿನ ಕಾವಿನಲ್ಲಿ ಬೆಂದು ಗಟ್ಟಿಯಾದ ಈ ಬಂಡೆಯಲ್ಲಿ ಮೂಳೆ ಹುಡುಕುವುದು ವ್ಯರ್ಥ. ಮೂಳೆ ಉಳಿಯುವುದು ಕೆಸರು, ಮರಳು ಪದರಪದರವಾಗಿ ಕೂತು ಕಲ್ಲಾದ ಕಡೆ: ನರ್ಮದೆಯ ದಂಡೆ, ಗೋದಾವರಿ ಕಣಿವೆ. ನಿಜವಾದ ಅಸ್ಥಿಪಂಜರದ ಮುಂದೆ ಕೂತು ಸ್ಕೆಚ್ ಮಾಡುವ ಆಸೆಯಿದ್ದರೆ ಹೈದರಾಬಾದಿನ ಬಿರ್ಲಾ ಸೈನ್ಸ್ ಮ್ಯೂಸಿಯಂಗೆ ಒಂದು ರಾತ್ರಿಯ ಪ್ರಯಾಣ, ಅಲ್ಲಿ ಕೋಟಾಸಾರಸ್ ನಿಂತಿದೆ. ಕೊಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಬರಪಾಸಾರಸ್ ಇದೆ. ಬಂಗಾಳಿಯಲ್ಲಿ ‘ಬಡ ಪಾ’ ಅಂದರೆ ದೊಡ್ಡ ಕಾಲು. ಅದರ ತೊಡೆಮೂಳೆಯೊಂದೇ ಸುಮಾರು 1.7 ಮೀಟರ್, ಒಬ್ಬ ಆಳಿನ ಎತ್ತರ. ಅಷ್ಟು ಮೂಳೆ ಸಿಕ್ಕಿದ ಪ್ರಾಣಿಗೂ ತಲೆಬುರುಡೆ ಸಿಕ್ಕಿಲ್ಲ, ಹಲ್ಲು ಮಾತ್ರ ಸಿಕ್ಕಿವೆ. ಅದರ ಮುಖ ಬಿಡಿಸುವವರೆಲ್ಲ ಎರವಲು ಮುಖವನ್ನೇ ಬಿಡಿಸುತ್ತಿದ್ದಾರೆ.

ಈ ಲೆಕ್ಕ ಕಲಿಯಲು ನಮಗೆ ಅತ್ಯುತ್ತಮ ಪ್ರಾಣಿ ಮಾಂಸಾಹಾರಿ ಡೈನೋಸಾರ್ ಆದ ರಾಜಸಾರಸ್ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗುಜರಾತಿನ ರಹಿಯೋಲಿಯ ಬಳಿ 1980ರ ದಶಕದ ಮೊದಲ ವರ್ಷಗಳಲ್ಲಿ ಅಗೆದು ತೆಗೆದದ್ದು, 2003ರಲ್ಲಿ ‘ರಾಜಸಾರಸ್ ನರ್ಮದೆನ್ಸಿಸ್’ ಎಂದು ಹೆಸರು ಪಡೆದದ್ದು. ಸಿಕ್ಕಿದ್ದು ತಲೆಬುರುಡೆಯ ಹಿಂಭಾಗ, ಬೆನ್ನುಮೂಳೆಯ ಕೆಲವು ಭಾಗ, ಸೊಂಟ, ಹಿಂಗಾಲು, ಬಾಲದ ಮೂಳೆಗಳು. ಹಣೆಯ ಮೇಲೆ ಮೊಂಡಾದ, ತಗ್ಗಾದ ಒಂದು ಕೊಂಬು ಇದ್ದದ್ದು ಖಚಿತ. ಇಷ್ಟು ಸ್ವಂತ ಆಸ್ತಿ. ಮೂತಿಯನ್ನು ಅದೇ ಕುಲದ, ಮಡಗಾಸ್ಕರಿನ ಮಜುಂಗಸಾರಸ್‌ನಿಂದ ತರಬೇಕು: ಮೊಟಕಾಗಿ ಎತ್ತರವಾದ ಮೂತಿ, ಒರಟು ಮೂಳೆ. ಕೈಯನ್ನೂ ಆ ಬಂಧುಗಳಿಂದಲೇ. ಈ ಕುಲದ ಕೈ ಬಹಳ ವಿಚಿತ್ರ. ಅರ್ಜೆಂಟೀನಾದ ಕಾರ್ನೊಟಾರಸ್‌ನಲ್ಲಿ ಮುಂಗೈ ತೋಳಿನ ಕಾಲುಭಾಗದಷ್ಟೇ ಉದ್ದ, ನಾಲ್ಕು ಮೊಂಡು ಬೆರಳು. ಇದನ್ನು ಬಿಟ್ಟು ಸಿನಿಮಾದ ಡೈನೋಸಾರ್‌ನ ಎರಡು ಬೆರಳಿನ ಕೈ ಹಾಕಿದರೆ ಬೇರೆ ಮನೆತನದ ಕೈ ಹಾಕಿದಂತಾಯಿತು. ಚರ್ಮವೂ ಕಾರ್ನೊಟಾರಸ್‌ನದೇ. ಅದರ ಚರ್ಮದ ಅಚ್ಚು ಕಲ್ಲಿನಲ್ಲಿ ಉಳಿದಿದೆ, ಗರಿಯ ಗುರುತಿಲ್ಲ, ಚಿಕ್ಕ ಹುರುಪೆಗಳ ನಡುವೆ ಅಲ್ಲಲ್ಲಿ ದೊಡ್ಡ ದಿಂಡು ಹುರುಪೆಗಳಿವೆ.

ಇನ್ನು ಕಾಗದಕ್ಕೆ ಬರೋಣ. 150ರಿಂದ 200 ಜಿಎಸ್‌ಎಂ ಕಾರ್ಟ್ರಿಡ್ಜ್ ಶೀಟ್, ಎ3 ಅಳತೆ. ಎಚ್‌ಬಿ, 2ಬಿ, 4ಬಿ ಪೆನ್ಸಿಲ್, ನಾದಿದ ಹಿಟ್ಟಿನಂತೆ ಮೆತ್ತಗಿರುವ ನೀಡೆಡ್ ಇರೇಸರ್, ಒಂದು ಸುರುಳಿ ಬಟರ್ ಪೇಪರ್. ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ, ದುಬಾರಿ ಸಾಮಾನು ಬೇಕಿಲ್ಲ. ಬಟರ್ ಪೇಪರ್ ಮಾತ್ರ ಬೇಕೇ ಬೇಕು. ಕೆಳಗಿನ ಹಾಳೆಯಲ್ಲಿ ಮೂಳೆ, ಅದರ ಮೇಲೊಂದು ಹಾಳೆಯಲ್ಲಿ ಸ್ನಾಯು, ಅದರ ಮೇಲೆ ಚರ್ಮ. ಮೂರನ್ನೂ ಒಂದೇ ಹಾಳೆಯಲ್ಲಿ ಮಾಡಲು ಹೋದರೆ ಅಳಿಸಿ ಅಳಿಸಿ ಕಾಗದ ಜೂಲು ಏಳುತ್ತದೆ.

ಮೊದಲ ಗೆರೆ ಎಳೆಯುವ ಮುನ್ನ ಅಳತೆ ಗೊತ್ತು ಮಾಡಿ. ರಾಜಸಾರಸ್ ಉದ್ದಕ್ಕೆ 6.6 ಮೀಟರಿನಿಂದ 9 ಮೀಟರಿನವರೆಗೆ ಬೇರೆಬೇರೆ ಅಂದಾಜುಗಳಿವೆ. 6.6 ಹಿಡಿದರೆ ಇಪ್ಪತ್ತಕ್ಕೆ ಒಂದರ ಅಳತೆಯಲ್ಲಿ 33 ಸೆಂಟಿಮೀಟರ್, ಎ3 ಹಾಳೆಯ 42 ಸೆಂಟಿಮೀಟರಿನಲ್ಲಿ ಆರಾಮಾಗಿ ಕೂರುತ್ತದೆ. 9 ಹಿಡಿದರೆ 45 ಆಗಿ ಬಾಲ ಹಾಳೆಯಿಂದಾಚೆ ಹೋಗುತ್ತದೆ. ಆಗ ಇಪ್ಪತ್ತೈದಕ್ಕೆ ಒಂದು, ಅಂದರೆ 36 ಸೆಂಟಿಮೀಟರ್ ಇಟ್ಟುಕೊಳ್ಳಿ. ಪಕ್ಕದಲ್ಲಿ 165 ಸೆಂಟಿಮೀಟರಿನ ಮನುಷ್ಯನ ಆಕೃತಿಯನ್ನೂ ಅದೇ ಅಳತೆಗೆ ನಿಲ್ಲಿಸಿ. ಬಾಲ ಹಾಳೆ ಮುಗಿಯಿತು ಅನ್ನುವ ಕಾರಣಕ್ಕೆ ಮೊಟಕಾಗುವುದು ನಾನು ನೋಡುವ ಚಿತ್ರಗಳಲ್ಲಿ ಬಹು ಸಾಮಾನ್ಯವಾದ ತಪ್ಪು. ಅದನ್ನು ಕೌಶಲದ ಕೊರತೆ ಅನ್ನಲಾಗದು, ಅಳತೆಯ ಕೊರತೆ.

ಗೆರೆಯ ಕ್ರಮ ಹೀಗೆ. ಮೂಗಿನಿಂದ ಬಾಲದ ತುದಿಯವರೆಗೆ ಬೆನ್ನುಮೂಳೆಯ ಒಂದೇ ಬಾಗು ಗೆರೆ. ಅದರ ಮೇಲೆ ಸೊಂಟದ ಜಾಗಕ್ಕೆ ಚುಕ್ಕೆ. ಚುಕ್ಕೆಯಿಂದ ನೆಲಕ್ಕೆ ಲಂಬವಾಗಿ ಚುಕ್ಕೆಗೆರೆ. ನಿಂತ ಪಾದ ಈ ಗೆರೆಯ ಮೇಲೋ ತುಸು ಮುಂದೋ ಬೀಳಬೇಕು. ಆಮೇಲೆ ಎದೆಗೂಡಿನ ಮೊಟ್ಟೆಯಾಕಾರ, ತಲೆಯ ಪೆಟ್ಟಿಗೆ, ಕಾಲಿನ ಮೂರು ಕೋಲು. ಬಾಲದ ಬುಡ ಬಂದಾಗ ಕೈ ಹಿಡಿತ ಮಾಡದೆ ದಪ್ಪ ಬಿಡಿಸಿ. ತೊಡೆಯನ್ನು ಹಿಂದಕ್ಕೆ ಎಳೆಯುವ ದೊಡ್ಡ ಸ್ನಾಯು ಬಾಲದ ಮೂಳೆಗಳ ಪಕ್ಕದಲ್ಲೇ ಕೂತಿರುತ್ತದೆ. ಉಡಕ್ಕೂ ಮೊಸಳೆಗೂ ಇರುವುದು ಅದೇ. ಸೊಂಟ ಮುಗಿದ ತಕ್ಷಣ ಹಗ್ಗದಂತೆ ಸಣ್ಣಗಾದ ಬಾಲವಿದ್ದರೆ ಆ ಪ್ರಾಣಿ ಒಂದು ಹೆಜ್ಜೆಯನ್ನೂ ಇಡಲಾರದು.

ತೂಕ ಸರಿಯಿದೆಯೇ ಎಂದು ನೋಡಲು ಅಗ್ಗದ ಉಪಾಯವಿದೆ. ಆಕೃತಿಯನ್ನು ರಟ್ಟಿಗೆ ಇಳಿಸಿ, ಕತ್ತರಿಸಿ, ಸೊಂಟದ ಚುಕ್ಕೆಗೆ ಗುಂಡುಪಿನ್ನು ಚುಚ್ಚಿ ಗೋಡೆಗೆ ತೂಗುಹಾಕಿ. ಮೂತಿ ತುಸು ಕೆಳಗಾದರೆ ಚಿಂತೆಯಿಲ್ಲ, ಈ ಪ್ರಾಣಿಗಳ ತೂಕದ ನಡುಬಿಂದು ಸೊಂಟಕ್ಕಿಂತ ಕೊಂಚ ಮುಂದೆಯೇ ಇತ್ತು. ಮೂತಿ ನೆಲ ಮುಖ ಮಾಡಿ ಪೂರ್ತಿ ಬಾಗಿದರೆ ತಲೆ ದೊಡ್ಡದಾಗಿದೆ, ಇಲ್ಲವೇ ಬಾಲ ಚಿಕ್ಕದಾಗಿದೆ. ರಟ್ಟಿಗೆ ದಪ್ಪವಿಲ್ಲ, ಒಳಗೆ ಗಾಳಿ ತುಂಬಿದ ಎದೆಗೂಡೂ ಇಲ್ಲ, ಹಾಗಾಗಿ ಇದು ಒರಟು ಪರೀಕ್ಷೆ. ಆದರೂ ದೊಡ್ಡ ತಪ್ಪನ್ನು ಹಿಡಿದುಕೊಡುತ್ತದೆ.

ಚಿಕ್ಕ ತಪ್ಪುಗಳು ಬೇರೆ ಥರದವು. ಅಂಗೈ ನೆಲ ನೋಡುವಂತೆ ಕೈ ಇಳಿಬಿಡುವುದು ಒಂದು. ಮಾಂಸಾಹಾರಿ ಡೈನೋಸಾರ್‌ಗಳ ಅಂಗೈ ಒಂದನ್ನೊಂದು ನೋಡುತ್ತಿದ್ದವು, ಚಪ್ಪಾಳೆ ತಟ್ಟುವ ಮುನ್ನ ನಮ್ಮ ಕೈ ಇರುವ ಹಾಗೆ. ತಲೆಬುರುಡೆಯ ತೂತುಗಳೆಲ್ಲ ಕಾಣುವಂತೆ ಚರ್ಮವನ್ನು ಮೂಳೆಗೆ ಅಂಟಿಸುವುದು ಇನ್ನೊಂದು. ಬದುಕಿರುವ ಆರೋಗ್ಯವಂತ ಪ್ರಾಣಿಗಳಲ್ಲಿ ಬುರುಡೆಯ ತೂತುಗಳೆಲ್ಲ ಹಾಗೆ ಹೊರಗೆ ಎದ್ದು ಕಾಣುವುದಿಲ್ಲ. ಬಾಯಿ ಮುಚ್ಚಿದಾಗಲೂ ಹಲ್ಲೆಲ್ಲ ಹೊರಗಿಡುವುದು ಮೂರನೆಯದು. ಅದು ಮೊಸಳೆಯ ರೀತಿ. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹಲ್ಲಿನ ಎನಾಮೆಲ್ ಸವೆತ ನೋಡಿ, ಈ ಪ್ರಾಣಿಗಳ ಹಲ್ಲು ಉಡದ ಹಲ್ಲಿನಂತೆ ತುಟಿಯೊಳಗೇ ಇದ್ದಿರಬೇಕು ಎಂದು ವಾದಿಸಿತು. ವಾದ ಇನ್ನೂ ಮುಗಿದಿಲ್ಲವಾದರೂ ನನಗೆ ತುಟಿಯಿರುವ ಮುಖವೇ ಸರಿ ಅನ್ನಿಸುತ್ತದೆ.

ಕಣ್ಣು ಮತ್ತು ಹುರುಪೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಪ್ರಾಣಿ ಎಷ್ಟು ದೊಡ್ಡದು ಅನ್ನುವುದನ್ನು ನೋಡುಗರಿಗೆ ತಿಳಿಸುವುದು ಇವೆರಡೇ. ದೇಹ ದೊಡ್ಡದಾದಂತೆ ಕಣ್ಣು ಅದೇ ಪ್ರಮಾಣದಲ್ಲಿ ದೊಡ್ಡದಾಗುವುದಿಲ್ಲ. ಬನ್ನೇರುಘಟ್ಟದಲ್ಲಿ ಆನೆಯ ಮುಖ ನೋಡಿ, ಆ ತಲೆಗೆ ಆ ಕಣ್ಣು ಎಷ್ಟು ಸಣ್ಣದು. ದೊಡ್ಡ ಕಣ್ಣಿಟ್ಟರೆ ಏಳು ಮೀಟರಿನ ಪ್ರಾಣಿ ಅಂಗೈ ಮೇಲಿನ ಮರಿಯಾಗಿಬಿಡುತ್ತದೆ. ಹುರುಪೆಯದೂ ಇದೇ ಕಥೆ. ಕಾರ್ನೊಟಾರಸ್‌ನ ಸಾಮಾನ್ಯ ಹುರುಪೆಗಳು ಸುಮಾರು ಒಂದು ಸೆಂಟಿಮೀಟರ್ ಅಥವಾ ಅದಕ್ಕೂ ಚಿಕ್ಕವು. ಇಪ್ಪತ್ತಕ್ಕೆ ಒಂದರ ಅಳತೆಯಲ್ಲಿ ಅದು ಅರ್ಧ ಮಿಲಿಮೀಟರ್, ನಿಮ್ಮ ಪೆನ್ಸಿಲ್ ಮೊನೆಯಷ್ಟು. ಅಂದರೆ ಹುರುಪೆಯನ್ನು ಒಂದೊಂದಾಗಿ ಬಿಡಿಸುವ ಪ್ರಶ್ನೆಯೇ ಬರುವುದಿಲ್ಲ. ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ 2ಬಿ ಪೆನ್ಸಿಲನ್ನು ಓರೆ ಹಿಡಿದು ಕಾಗದದ ತರಿಯನ್ನೇ ಎಬ್ಬಿಸಿ, ಪೂರ್ತಿ ಬೆಳಕಿನಲ್ಲೂ ಪೂರ್ತಿ ನೆರಳಿನಲ್ಲೂ ಸುಮ್ಮನೆ ಬಿಡಿ. ಬೆನ್ನಿನ ದಿಂಡು ಹುರುಪೆಗಳನ್ನು ಮಾತ್ರ ಚುಕ್ಕೆಯಾಗಿ, ಸಾಲು ಹಿಡಿಯದಂತೆ ಅಡ್ಡಾದಿಡ್ಡಿ ಇಡಿ. ಮೈ ತುಂಬ ಮೀನಿನ ಬಲೆಯಂಥ ಜಾಲರಿ ಎಳೆದರೆ ಗಂಟೆಗಟ್ಟಲೆ ಶ್ರಮ ಹೋಗಿ ಕೈಗೆ ಬರುವುದು ಒಂದು ಆಟಿಕೆ.

ಬೇರೆಯವರ ಡೈನೋಸಾರ್ ಚಿತ್ರ ನೋಡಿ ಡೈನೋಸಾರ್ ಬಿಡಿಸಬೇಡಿ. ಓತಿಕ್ಯಾತನಿಗೆ ಬೇಲಿ ಸಾಕ್ಷಿ ಅನ್ನುವ ಗಾದೆಯಂತೆ, ಒಂದು ತಪ್ಪು ಚಿತ್ರಕ್ಕೆ ಇನ್ನೊಂದು ತಪ್ಪು ಚಿತ್ರ ಸಾಕ್ಷಿ ಹೇಳುತ್ತಾ ಹೋಗುತ್ತದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ 1854ರಲ್ಲಿ ನಿಲ್ಲಿಸಿದ ಇಗುವನೊಡಾನ್ ಮೂರ್ತಿಯ ಮೂಗಿನ ಮೇಲೆ ಕೊಂಬಿದೆ. 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕಮೇಲೆ ಅದು ಹೆಬ್ಬೆರಳಿನ ಮುಳ್ಳು ಎಂದು ಸ್ಪಷ್ಟವಾಯಿತು. ಮೂರ್ತಿ ಮಾಡಿದವರನ್ನು ದೂರುವಂತಿಲ್ಲ, ಅಂದು ಸಿಕ್ಕಿದ್ದ ಮೂಳೆಗೆ ಅವರು ನ್ಯಾಯ ಒದಗಿಸಿದ್ದರು. ಅದನ್ನೇ ಇಂದು ನೋಡಿ ನಕಲು ಮಾಡಿದರೆ ಮಾತ್ರ ತಪ್ಪು ನಮ್ಮದು.

ಬಣ್ಣಕ್ಕೆ ಕೈ ಹಾಕುವಾಗ ಹುಂಜವನ್ನು ನೆನಪಿಸಿಕೊಳ್ಳಿ. ಹುಂಜದ ಕೆಂಪು ಜುಟ್ಟಿಗೂ ಗಂಟಲಿನ ಜೋಲು ಚರ್ಮಕ್ಕೂ ಒಳಗೆ ಮೂಳೆಯಿಲ್ಲ. ಬುರುಡೆಯನ್ನಷ್ಟೇ ಕೊಟ್ಟರೆ ಅಲ್ಲಿ ಜುಟ್ಟಿತ್ತು ಎಂದು ಯಾರೂ ಹೇಳಲಾರರು. ಕೆನಡಾದಲ್ಲಿ ಸಿಕ್ಕಿದ ಎಡ್ಮೊಂಟೊಸಾರಸ್ ಒಂದರ ತಲೆಯ ಮೇಲೆ ಇಂಥದೇ ಮಾಂಸದ ಜುಟ್ಟು ಕಲ್ಲಾಗಿ ಉಳಿದಿದ್ದದ್ದು 2013ರಲ್ಲಿ ವರದಿಯಾಯಿತು. ಅದಕ್ಕೂ ಮುಂಚಿನ ಚಿತ್ರಗಳಲ್ಲೆಲ್ಲ ಆ ಪ್ರಾಣಿಯ ತಲೆ ಬೋಳು. ಚೀನಾದ ಸೈನೊಸಾರೊಪ್ಟೆರಿಕ್ಸ್‌ನ ಬಾಲದಲ್ಲಿ ಕಂದುಗೆಂಪು ಮತ್ತು ಬಿಳಿಯ ಪಟ್ಟೆಗಳಿದ್ದವು ಎಂದು 2010ರಲ್ಲಿ ತಿಳಿದದ್ದು ಗರಿಯೊಳಗಿನ ಬಣ್ಣದ ಕಣಗಳ ಆಕಾರದಿಂದ. ರಾಜಸಾರಸ್‌ಗೆ ಅಂಥ ಸುಳಿವಿಲ್ಲ. ದೊಡ್ಡ ಮೈಗೆ ಎಮ್ಮೆ, ಆನೆ, ಹದ್ದಿನ ಬಣ್ಣಗಳನ್ನು ತಂದು, ಬೆನ್ನು ಗಾಢ, ಹೊಟ್ಟೆ ತಿಳಿ ಮಾಡಿ, ಹಣೆಯ ಕೊಂಬಿಗೆ ಮಾತ್ರ ಹುಂಜದ ಧೈರ್ಯ ಕೊಡಿ. ಮೈಯೆಲ್ಲ ಗಿಳಿಹಸಿರು ಮಾಡಿದರೆ ತಪ್ಪೆಂದು ಸಾಧಿಸಲಾಗದು, ಆದರೆ ಟನ್ನುಗಟ್ಟಲೆ ತೂಗುವ ಬೇಟೆಗಾರ ಪ್ರಾಣಿ ಅಡಗಿ ಕೂರುವುದು ಎಲ್ಲಿ?

ಹಿನ್ನೆಲೆಯಲ್ಲಿ ಒಂದು ಸಂತೋಷದ ವಿಷಯ ಇದೆ. ಡೈನೋಸಾರ್ ಕಾಲದಲ್ಲಿ ಹುಲ್ಲು ಇರಲಿಲ್ಲ, ಹುಲ್ಲು ಬಿಡಿಸಬೇಡಿ ಎಂಬ ಬುದ್ಧಿವಾದ ಹಳೆಯ ಮಾರ್ಗದರ್ಶಿಗಳಲ್ಲೆಲ್ಲ ಇರುತ್ತಿತ್ತು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಕಲ್ಲಾದ ಸಗಣಿಯೊಳಗೆ ಹುಲ್ಲಿನ ಸೂಕ್ಷ್ಮ ಗಾಜುಕಣಗಳು ಇರುವುದು 2005ರಲ್ಲಿ ಪ್ರಕಟವಾಯಿತು. ಅಂದರೆ ರಾಜಸಾರಸ್‌ನ ಕಾಲದ ನಮ್ಮ ನೆಲದಲ್ಲಿ ಹುಲ್ಲಿತ್ತು, ಉದ್ದ ಕುತ್ತಿಗೆಯ ಡೈನೋಸಾರ್‌ಗಳು ಅದನ್ನು ತಿನ್ನುತ್ತಲೂ ಇದ್ದವು. ಕಬ್ಬನ್ ಪಾರ್ಕಿನ ಲಾನಿನಂತೆ ಹಾಸಬೇಡಿ, ನೀರಿನ ಪಕ್ಕ ಅಲ್ಲಲ್ಲಿ ಕುಚ್ಚು ಕುಚ್ಚಾಗಿ ಇಡಿ. ಜೊತೆಗೆ ತಾಳೆಯ ಜಾತಿಯ ಮರಗಳು, ಲಾಲ್‌ಬಾಗಿನಲ್ಲಿ ನೆಟ್ಟಗೆ ನಿಂತಿರುವ ಅರಕೇರಿಯಾದಂಥ ಸೂಜಿಯೆಲೆಯ ಮರಗಳು. ದೂರದಲ್ಲಿ ದಖನ್ನಿನ ಲಾವಾ. ಬೆಳಗಾವಿ, ವಿಜಯಪುರದ ಕಡೆಯ ಕಪ್ಪುಕಲ್ಲು ಆ ಲಾವಾ ಆರಿ ಆದದ್ದೇ, ಗೋಳಗುಮ್ಮಟದ ಗೋಡೆಯಲ್ಲೂ ಅದೇ ಕಲ್ಲಿದೆ.

ಈಗ ಕಲ್ಪನೆಯ ಪ್ರಾಣಿಗಳು. ಇಲ್ಲಿ ನಮಗೆ ಗುರುಗಳ ಕೊರತೆಯಿಲ್ಲ. ಬೇಲೂರು, ಹಳೇಬೀಡಿನ ಗೋಡೆಯ ಸಾಲಿನಲ್ಲಿರುವ ಮಕರವನ್ನು ಗೈಡುಗಳು ಬಿಡಿಸಿ ಹೇಳುವುದನ್ನು ಕೇಳಿರುತ್ತೀರಿ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ. ಇಷ್ಟು ಎರವಲಿದ್ದರೂ ಅದು ಕಲಸುಮೇಲೋಗರ ಅನ್ನಿಸುವುದಿಲ್ಲ. ಕಾರಣ ಹುಡುಕುತ್ತಾ ಪೆನ್ಸಿಲಿನಲ್ಲಿ ನಕಲು ಮಾಡಿದರೆ ತಿಳಿಯುತ್ತದೆ: ಒಂದು ಪ್ರಾಣಿ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಶಿಲ್ಪಿ ಗೆರೆಯನ್ನು ಕಡಿಯಲಿಲ್ಲ. ಸೊಂಡಿಲಿನ ಸುರುಳಿ ಹಣೆಯಿಂದ ಬೆನ್ನಿಗೆ ಇಳಿದು, ಬಾಲದಲ್ಲಿ ಮತ್ತೆ ಸುರುಳಿಯಾಗಿ ಅರಳುತ್ತದೆ. ಬೆನ್ನಿನ ಒಂದೇ ಬಾಗು ಐದು ಪ್ರಾಣಿಗಳನ್ನು ಹೊಲಿದಿದೆ. ರಾಜಸಾರಸ್‌ಗೆ ಮೊದಲು ಎಳೆದ ಬೆನ್ನಿನ ಗೆರೆಯೂ ಅದೇ ಕೆಲಸ ಮಾಡುತ್ತದೆ.

ಸರ್ಕಾರಿ ಕಾಗದದ ತಲೆಯ ಮೇಲೆ ನಾವು ದಿನವೂ ನೋಡುವ ರಾಜ್ಯ ಲಾಂಛನದ ಎರಡು ಪಕ್ಕ ನಿಂತಿರುವುದು ಗಜಕೇಸರಿ, ಸಿಂಹದ ಮೈಗೆ ಆನೆಯ ತಲೆ. ಲಾಂಛನದಲ್ಲಿ ಅದು ಚೆನ್ನಾಗಿಯೇ ಇದೆ. ಅದನ್ನು ನಡೆದಾಡುವ ಪ್ರಾಣಿಯಾಗಿ ಬಿಡಿಸಲು ಕೂತರೆ ಕುತ್ತಿಗೆಯಲ್ಲಿ ತೊಡಕು ಬರುತ್ತದೆ. ಆನೆಯ ತಲೆ ಬಲು ಭಾರ, ಅದಕ್ಕೇ ಅದರ ಕುತ್ತಿಗೆ ಮೋಟು. ಕುತ್ತಿಗೆ ಮೋಟಾದ್ದರಿಂದ ಬಾಯಿ ನೆಲ ಮುಟ್ಟದು, ಅದಕ್ಕೇ ಸೊಂಡಿಲು. ಸಿಂಹದ ಕುತ್ತಿಗೆ ಬೇಟೆಯನ್ನು ಕಚ್ಚಿ ಎಳೆಯಲು ಉದ್ದವಾಗಿ ಬಳುಕುವಂಥದು. ಸಿಂಹದ ಕುತ್ತಿಗೆಯ ತುದಿಗೆ ಆನೆಯ ತಲೆ ಇಟ್ಟರೆ ಹೆಗಲು ತಾಳದು. ಪರಿಹಾರ: ಕುತ್ತಿಗೆಯನ್ನು ಅರ್ಧಕ್ಕೆ ಇಳಿಸಿ, ಹೆಗಲ ಮೇಲಿನ ಬೆನ್ನುಮೂಳೆಯ ಮುಳ್ಳುಗಳನ್ನು ಕಾಟಿಯ ಹಿಣಿಲಿನಂತೆ ಎತ್ತರಿಸಿ ಅಲ್ಲಿಂದ ತಲೆಯನ್ನು ಎಳೆದು ಹಿಡಿಯುವ ಸ್ನಾಯು ಕೊಡಿ, ಮುಂಗಾಲುಗಳನ್ನು ದಪ್ಪ ಮಾಡಿ ಹೆಚ್ಚು ನೆಟ್ಟಗೆ ನಿಲ್ಲಿಸಿ. ಕೇಸರ ಆ ಜೋಡಣೆಯನ್ನು ಮುಚ್ಚಿಕೊಳ್ಳುತ್ತದೆ. ಪಾಟರಿ ಟೌನಿನಲ್ಲಿ ಗಣೇಶನ ಮೂರ್ತಿ ಮಾಡುವವರ ಕೈ ಗಮನಿಸಿ. ಆನೆಯ ತಲೆಯನ್ನು ಅವರು ಕುತ್ತಿಗೆಯ ಮೇಲೆ ನಿಲ್ಲಿಸುವುದಿಲ್ಲ, ನೇರವಾಗಿ ಹೆಗಲೊಳಗೆ ಕೂರಿಸುತ್ತಾರೆ. ಸೊಂಡಿಲು ಹೊಟ್ಟೆಯ ಮೇಲೆ ಒರಗಿ ಮುಂದಿನ ಭಾರ ಹೊಟ್ಟೆಗೆ ಇಳಿಯುತ್ತದೆ.

ಆ ಜೇಡಿಮಣ್ಣಿನಲ್ಲೇ ನಿಮ್ಮ ಪ್ರಾಣಿಯ 15 ಸೆಂಟಿಮೀಟರಿನ ಮಾದರಿ ಮಾಡಿಕೊಂಡರೆ ನೆರಳು ಎಲ್ಲಿ ಬೀಳುತ್ತದೆ ಎಂದು ಊಹಿಸುವ ಕಷ್ಟ ತಪ್ಪುತ್ತದೆ. ಒಳಗೆ ತಂತಿ ಹಾಕಿದರೆ ಮಾತ್ರ ಎಚ್ಚರ: ಮಣ್ಣು ಒಣಗುತ್ತಾ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಕಾಲು ಬಾಲಗಳ ಬಳಿ ಬಿರುಕು ಬಿಡುತ್ತದೆ. ತಂತಿ ಬೇಕೇ ಬೇಕಾದರೆ ಒಣಗದ ಎಣ್ಣೆಕ್ಲೇ ತನ್ನಿ.

ಹೊಸ ಪ್ರಾಣಿ ಹುಟ್ಟಿಸುವಾಗ ಹೆಚ್ಚು ಜನ ಎಡವುವುದು ಗಾತ್ರದ ಲೆಕ್ಕದಲ್ಲಿ. ಲಾಲ್‌ಬಾಗಿನ ಬಂಡೆಯಂಥ ಬೋಳು ಬಂಡೆಯ ಕಡಿದಾದ ಪಕ್ಕದಲ್ಲಿ ಬದುಕುವ ಒಂದು ಪ್ರಾಣಿ ಬೇಕು ಅಂದುಕೊಳ್ಳೋಣ, ಬೀದಿನಾಯಿಯ ಗಾತ್ರ, 20 ಕಿಲೋ ತೂಕ. ಗೋಡೆಗೆ ಅಂಟುವ ಹಲ್ಲಿಯ ಪಾದ ಕೊಡೋಣ ಎಂದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು ನಡೆಯದು. ಹಲ್ಲಿಯನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ಹಿಗ್ಗಿಸಿದರೆ ಅಂಗಾಲಿನ ವಿಸ್ತಾರ ನೂರು ಪಟ್ಟಾಗುತ್ತದೆ, ತೂಕ ಸಾವಿರ ಪಟ್ಟು. ಅಂಟುವ ಶಕ್ತಿ ಅಂಗಾಲಿನದು, ಬೀಳಿಸುವ ಶಕ್ತಿ ತೂಕದ್ದು. ಹಾಗಾಗಿ ಹಲ್ಲಿಯ ಪಾದ ಬಿಟ್ಟು ಮೇಕೆಯ ಗೊರಸು ತನ್ನಿ: ಎರಡು ಸೀಳಾಗಿ ಅಗಲಿಸಿ ಬಂಡೆಯ ಏಣನ್ನು ಹಿಡಿಯುವಂಥದು, ಅಂಚು ಗಟ್ಟಿ, ನಡು ಮೆತ್ತಗೆ. ಎದೆ ಕಿರಿದಾಗಲಿ, ಕಾಲುಗಳು ಒಂದಕ್ಕೊಂದು ಹತ್ತಿರ ಬರಲಿ, ಅಂಚಿನ ಮೇಲೆ ಸಾಲಾಗಿ ಹೆಜ್ಜೆಯಿಡಬೇಕಲ್ಲ. ಮಧ್ಯಾಹ್ನ ಬಂಡೆ ಕಾದ ಹೆಂಚಾಗುತ್ತದೆ, ಶಾಖ ಬಿಡಲು ಮೊಲದಂಥ ದೊಡ್ಡ ಕಿವಿ. ಮೈಬಣ್ಣ ಬಂಡೆಯ ಬೂದು, ಅದರ ಮೇಲೆ ಕಲ್ಲುಹೂವಿನ ಬಿಳಿಹಸಿರು ಮಚ್ಚೆ. ಈಗ ಅದೊಂದು ಜಾಗದ ಪ್ರಾಣಿಯಾಯಿತು.

ಇದೇ ಲೆಕ್ಕ ಕಾಲಿನ ದಪ್ಪಕ್ಕೂ ಅನ್ವಯ. ನಾಯಿಯನ್ನು ಎರಡು ಪಟ್ಟು ಉದ್ದ ಮಾಡಿದರೆ ತೂಕ ಎಂಟು ಪಟ್ಟು. ಕಾಲಿನ ಅಗಲವನ್ನು ಎರಡೇ ಪಟ್ಟು ಮಾಡಿದರೆ ಮೂಳೆಯ ಅಡ್ಡಕೊಯ್ತ ನಾಲ್ಕು ಪಟ್ಟಷ್ಟೇ ಆಗುತ್ತದೆ. ಸರಿದೂಗಲು ಅಗಲ ಹೆಚ್ಚುಕಡಿಮೆ 2.8 ಪಟ್ಟು ಬೇಕು, ಇಲ್ಲವೇ ಆನೆಯಂತೆ ಕಾಲನ್ನು ಕಂಬದಂತೆ ನೆಟ್ಟಗೆ ನಿಲ್ಲಿಸಬೇಕು. ರೆಕ್ಕೆಯ ಬಗ್ಗೆ ಒಂದೇ ಮಾತು: ಪಾರಿವಾಳದ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಎದೆಯ ಸ್ನಾಯುವೇ ಇರುತ್ತದೆ. ನಾಲ್ಕು ಕಾಲಿನ ಜೊತೆಗೆ ರೆಕ್ಕೆಯನ್ನೂ ಕೊಡುವುದಾದರೆ ಆ ಸ್ನಾಯುವಿಗೆ ಎದೆಯಲ್ಲಿ ಜಾಗವೂ, ರೆಕ್ಕೆಗೆ ತನ್ನದೇ ಹೆಗಲಮೂಳೆಯೂ ಬೇಕು. ಬೆನ್ನ ಮೇಲೆ ಅಂಟಿಸಿದ ರೆಕ್ಕೆ ಹಾರದು.

ತಿನ್ನುವುದೇನು, ತನ್ನನ್ನು ತಿನ್ನುವವರು ಯಾರು ಅನ್ನುವುದನ್ನೂ ಕೇಳಿಕೊಳ್ಳಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಈ ಪ್ರಶ್ನೆಗೆ ಉತ್ತರ ಕಲ್ಲಿನಲ್ಲೇ ಇದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವ ಸಾಲು. ಮೊದಲ ನಾಲ್ಕು ನಾವು ಕಂಡ ಪ್ರಾಣಿಗಳು, ಕೊನೆಯ ಎರಡು ಯಾರೂ ಕಾಣದವು. ಕಂಡವುಗಳ ಸರಪಳಿಯ ತುದಿಗೆ ಕಟ್ಟಿದ್ದರಿಂದಲೇ ಕಾಣದವುಗಳಿಗೂ ಒಂದು ತೂಕ, ಒಂದು ಹಸಿವು ಬಂದಿದೆ.

ಆ ಗಂಡಭೇರುಂಡವನ್ನೇ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಕೆಎಸ್‌ಆರ್‌ಟಿಸಿ ಬಸ್ಸಿನ ಲಾಂಛನದಲ್ಲೂ ಇರುವ ಹಕ್ಕಿ. ಎರಡು ತಲೆ, ಒಂದು ಮೈ. ಕಷ್ಟವಿರುವುದು ತಲೆಯಲ್ಲಿ ಅಲ್ಲ, ಕುತ್ತಿಗೆಗಳು ಕೂಡುವಲ್ಲಿ. ಹೆಗಲಿನ ಮಟ್ಟದಲ್ಲೇ ಎರಡಾದರೆ ಎರಡು ಹಕ್ಕಿಯನ್ನು ಅಂಟಿಸಿದಂತಿರುತ್ತದೆ, ತಲೆಯ ಹತ್ತಿರ ಎರಡಾದರೆ ಎರಡೂ ಕೊಕ್ಕು ಒಂದಕ್ಕೊಂದು ತಾಗುತ್ತವೆ. ಕೋಳಿಯ ಕುತ್ತಿಗೆಯಲ್ಲಿ ಸುಮಾರು 14 ಮೂಳೆ. ಕೆಳಗಿನ ನಾಲ್ಕನ್ನು ಒಂದಾಗಿಯೇ ಇಟ್ಟು, ಸ್ವಲ್ಪ ಅಗಲ ಮಾಡಿ, ಐದನೆಯದರಿಂದ ಕವಲೊಡೆಯಿಸಿ. ಎದೆಯ ಕವಲುಮೂಳೆಯನ್ನು ಕೋಳಿಯದಕ್ಕಿಂತ ಅರ್ಧದಷ್ಟು ಹೆಚ್ಚು ಅಗಲಿಸಿ. ಎರಡು ಗಂಟಲಿನ ಆಹಾರ ಕೂಡುವ ಚೀಲ ಕವಲಿನ ಕೆಳಗೆ, ನಡುವೆ ಉಬ್ಬಿರಲಿ. ಕುತ್ತಿಗೆಯ ಗರಿಗಳು ಎರಡೂ ಕಡೆಯಿಂದ ಇಳಿದು ಆ ಉಬ್ಬಿನ ಮೇಲೆ ಸುಳಿಯಾಗಿ ಸೇರುತ್ತವೆ, ಎತ್ತಿನ ಹಣೆಯ ಸುಳಿಯಂತೆ. ಆಮೇಲೆ ಮೇಲಿನ ಬಟರ್ ಪೇಪರಿನ ಅಂಚಿನಲ್ಲಿ, ಎಚ್‌ಬಿ ಪೆನ್ಸಿಲಿನಲ್ಲಿ, ಬಾಣದ ಗುರುತು ಹಾಕಿ ಬರೆದಿಡಿ: ಕೊಕ್ಕು ಹದ್ದಿನದು, ಪಾದ ನಾಟಿ ಕೋಳಿಯದು, ಕುತ್ತಿಗೆ ಕೋಳಿಯದು ಆದರೆ ಅಗಲಿಸಿದ್ದು, ಸುಳಿ ಎತ್ತಿನದು, ಕವಲು ನನ್ನದು.